ಬಲೆ ಆಕಾಶಕ್ಕೆ ಅಂಟೋದಿಲ್ಲ

ಪ್ರಶ್ನೆ: ಅಣ್ಣಾ, ನಮಸ್ಕಾರ. ನಮ್ಮದು ಕಲಬುರಗಿ, ಬ್ರಹ್ಮಪುರ. 2005ರ ಸುಮಾರಿಗೆ ನಮ್ಮಣ್ಣ ಸೂಪರ್ ಮಾರ್ಕೆಟ್ ಕಡೆಯ ಒಂದು ವಿಡಿಯೋ ಗೇಮ್ ಅಂಗಡಿಗೆ ಹೋಗ್ತಿದ್ದ. ನಾನೂ ಬೆನ್ನು ಹತ್ತಿ ಹೋಗ್ತಿದ್ದೆ. ಹುಡುಗಿಯರನ್ನು ಒಳಗೆ ಕೂರಿಸ್ತಿರಲಿಲ್ಲ, ಬಾಗಿಲಲ್ಲೇ ನಿಂತು ನೋಡ್ತಿದ್ದೆ. ಟಿವಿಯಲ್ಲಿ ಸ್ಪೈಡರ್‌ಮ್ಯಾನ್ ಇಡೀ ಊರಿನ ಮೇಲೆ ತನಗೆ ಬೇಕಾದ ಕಡೆ ಹಾರಾಡ್ತಿದ್ದ. ಈಗ ನನ್ನ ಮಗನಿಗೆ ಒಂಬತ್ತು ವರ್ಷ. ಮನೆಯ ಹಳೆ ಕಂಪ್ಯೂಟರಿಗೆ ಅದೇ ‘ಸ್ಪೈಡರ್‌ಮ್ಯಾನ್ 2’ ಹುಡುಕಿ ತಂದು ಹಾಕಿದೆ. ಹೆಸರು ಅದೇ, ಆಟ ಮಾತ್ರ ಅದಲ್ಲ! ಬಲೆ ಗುರುತು ಹಾಕಿದ ಕಡೆ ಮಾತ್ರ ಅಂಟುತ್ತೆ. ನಕಲಿ ಸಿಡಿ ಕೊಟ್ಟು ಮೋಸ ಮಾಡಿದ್ರಾ? ಇಲ್ಲ, ನನ್ನ ನೆನಪೇ ತಪ್ಪಾ?

ಉತ್ತರ: ತಂಗೀ, ನಿಮ್ಮ ನೆನಪು ಸರಿಯಾಗೇ ಇದೆ. ಸಿಡಿಯೂ ನಕಲಿ ಇರಲಿಕ್ಕಿಲ್ಲ. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಆಟ ಬಂದಿದ್ದವು, ಅಷ್ಟೇ.

‘ಸ್ಪೈಡರ್‌ಮ್ಯಾನ್ 2’ ಸಿನಿಮಾ ಬಂದಿದ್ದು 2004ರ ಜೂನ್ ಕೊನೆಗೆ. ಆಟವೂ ಅದೇ ಹೊತ್ತಿಗೆ ಬಂತು. ಟಿವಿಗೆ ಜೋಡಿಸಿ ಆಡೋ ಯಂತ್ರಗಳಾದ ಪ್ಲೇಸ್ಟೇಷನ್ 2, ಎಕ್ಸ್‌ಬಾಕ್ಸ್, ಗೇಮ್‌ಕ್ಯೂಬ್‌ಗೆ ಅದನ್ನು ಮಾಡಿದವರು ಟ್ರೇಯಾರ್ಕ್ ಅನ್ನೋ ಕಂಪನಿಯವರು. ನೀವು ಬಾಗಿಲಲ್ಲಿ ನಿಂತು ನೋಡಿದ್ದು ಅದನ್ನೇ. ಕಂಪ್ಯೂಟರಿನದ್ದನ್ನು ಮಾಡಿದ್ದು ಫಿಜ್ ಫ್ಯಾಕ್ಟರ್ ಅನ್ನೋ ಬೇರೆ ಕಂಪನಿ. ಚಿಕ್ಕ ಮಕ್ಕಳಿಗೆ ಸುಲಭ ಆಗಲಿ ಅಂತ ತುಂಬಾ ಸರಳ ಮಾಡಿಬಿಟ್ಟರು. ಆ ಕಾಲಕ್ಕೆ ನಾನು ಪಿಯುಸಿ ಓದ್ತಾ, ಸಂಜೆ ಹೊತ್ತು ಗುಲ್ಬರ್ಗಾದಲ್ಲೇ ಒಂದು ಗೇಮ್ ಅಂಗಡಿಯ ಕೌಂಟರಿನಲ್ಲಿ ಕೂರ್ತಿದ್ದೆ. ಆಡೋಕೆ ಗಂಟೆಗೆ ಹದಿನೈದು ರೂಪಾಯಿ. ಆಳಂದದಿಂದ ಬಂದ ಒಬ್ಬ ಹುಡುಗ ಕಂಪ್ಯೂಟರಿನ ಸಿಡಿ ಕೈಯಲ್ಲಿ ಹಿಡ್ಕೊಂಡು, ‘ಅಣ್ಣಾ, ನಮ್ಮನಿಯಾಗ ಇವ ಯಾಕ್ ಹಾರವಲ್ಲ?’ ಅಂತ ಕೇಳಿದ್ದ. ಅವನ ಮುಖ ಇನ್ನೂ ನೆನಪಿದೆ. ನಿಮ್ಮ ಪತ್ರ ಓದಿದಾಗ ಮೊದಲು ಕಣ್ಣಿಗೆ ಬಂದಿದ್ದು ಅವನೇ.

ಆ ಹಾರಾಟದಲ್ಲಿ ಅಂಥದ್ದೇನಿತ್ತು ಅಂತ ಹೇಳ್ತೀನಿ. 2002ರ ಮೊದಲ ಸಿನಿಮಾದ ಆಟದಲ್ಲಿ ಬಲೆಯ ಎಳೆ ಮೇಲಕ್ಕೆ ಹೋಗಿ ಸುಮ್ನೆ ಆಕಾಶಕ್ಕೆ ಅಂಟಿಕೊಳ್ತಿತ್ತು. ಗುಂಡಿ ಒತ್ತಿದರೆ ಸಾಕು, ತೂಗಾಟ. ಟ್ರೇಯಾರ್ಕ್‌ನ ಜೇಮೀ ಫ್ರಿಸ್ಟ್ರಮ್ ಇದನ್ನು ಬದಲಾಯಿಸಿದರು. ಎಳೆ ನಿಜವಾದ ಕಟ್ಟಡಕ್ಕೆ ತಾಗಬೇಕು. ಕಟ್ಟಡ ಇದ್ದರೆ ಮಾತ್ರ ಜೋಲಿ. ಆಟ ನಡೆಯೋ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಎತ್ತರದ ಕಟ್ಟಡಗಳ ಬೀದಿಗಳಲ್ಲಿ ಉದ್ದುದ್ದ ತೂಗಾಟ ಸಿಗುತ್ತೆ. ಸೆಂಟ್ರಲ್ ಪಾರ್ಕಿನ ಬಯಲಿಗೆ ಬಂದರೆ ಆ ಎತ್ತರ ಕೈ ಬಿಟ್ಟು ಹೋಗುತ್ತೆ. ಎಳೆಯ ಉದ್ದ, ಬರುವ ವೇಗ, ಬಿಡುವ ಹೊತ್ತು, ಎಲ್ಲದಕ್ಕೂ ಲೆಕ್ಕ ಇದೆ. ಆ ಲೆಕ್ಕ ಕೈಗೆ ಹತ್ತೋವರೆಗೂ ಎಲ್ಲರೂ ಗೋಡೆಗೆ ಬಡಿದೇ ಬಡೀತಾರೆ.

ನೀವು ಪಂಚಮಿಯಲ್ಲಿ ಜೋಕಾಲಿ ಆಡಿದೀರಿ ಅಲ್ವಾ? ಬೇವಿನ ಮರಕ್ಕೆ ಹಗ್ಗ ಕಟ್ಟಿ ನಿಂತು ಜೀಕೋದು? ಹಾಗಾದ್ರೆ ಈ ಆಟದ ಅರ್ಧ ನಿಮಗೆ ಆಗಲೇ ಬರುತ್ತೆ. ಜೋಕಾಲಿ ಕೆಳಗೆ ಬಂದಾಗ ವೇಗ ಎಲ್ಲಕ್ಕಿಂತ ಜಾಸ್ತಿ. ಮೇಲೇರಿದ ಹಾಗೆ ವೇಗ ಇಳಿಯುತ್ತೆ, ತುದಿಯಲ್ಲಿ ಒಂದು ಗಳಿಗೆ ನಿಂತೇ ಬಿಡುತ್ತೆ. ಇಲ್ಲೂ ಹಾಗೇ. ತುದಿಯಲ್ಲಿ ಬಿಟ್ಟರೆ ನಿಂತಲ್ಲೇ ಕೆಳಗೆ ಬೀಳ್ತೀರಿ. ತೀರಾ ತಳದಲ್ಲಿ ಬಿಟ್ಟರೆ ರಸ್ತೆಗೆ ಸವರಿಕೊಂಡು ಹೋಗ್ತೀರಿ. ತಳ ದಾಟಿ ಹೊಟ್ಟೆಯಲ್ಲಿ ಒಂದು ಜುಮ್ ಅಂದು ಮೇಲಕ್ಕೆ ಎತ್ತೋಕೆ ಶುರುವಾದಾಗ ಪ್ಲೇಸ್ಟೇಷನ್ 2ರ ಕೈಹಿಡಿಕೆಯ ಎಕ್ಸ್ ಗುಂಡಿ ಒತ್ತಿ ಜಿಗಿಯಿರಿ. ಮೈ ಮುಂದಕ್ಕೂ ಹೋಗುತ್ತೆ, ಮೇಲಕ್ಕೂ ಹೋಗುತ್ತೆ. ಆಮೇಲೆ ಆರ್2 ಗುಂಡಿ ಒತ್ತಿ ಮುಂದಿನ ಎಳೆ ಎಸೆಯಿರಿ. ಜೋಕಾಲಿ ಜೀಕಿದವರು ಈ ಗಳಿಗೆಯನ್ನು ಲೆಕ್ಕ ಹಾಕೋದಿಲ್ಲ, ಮೈಗೇ ಗೊತ್ತಿರುತ್ತೆ. ನಮ್ಮ ಅಂಗಡಿಯಲ್ಲಿ ಇದನ್ನು ಎಲ್ಲರಿಗಿಂತ ಬೇಗ ಕಲಿತಿದ್ದು ಮಾಲೀಕರ ಮಗಳು. ಅಂಗಡಿ ಮುಚ್ಚಿದ ಮೇಲೆ ಅರ್ಧ ಗಂಟೆ ಅವಳಿಗೆ ಬಿಡ್ತಿದ್ದರು. ಎರಡೇ ದಿನಕ್ಕೆ ಬೀದಿ ಮುಟ್ಟದೆ ಹೋಗೋದು ಕಲಿತಿದ್ದಳು. ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದ ಆ ಕಾಲದ ಅಂಗಡಿಗಳ ಬಗ್ಗೆ ನನಗೆ ಈಗಲೂ ಬೇಜಾರಿದೆ. ನಾನೂ ಅಂಥದ್ದೊಂದು ಕೌಂಟರಿನಲ್ಲಿ ಕೂತಿದ್ದವನು. ‘ಒಳಗೆ ಬಾ’ ಅಂತ ಒಂದು ಮಾತು ಹೇಳಬಹುದಿತ್ತು.

ಈಗ ಕೆಲಸದ ಮಾತು. ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 2 ಇನ್ನೂ ಸಿಗುತ್ತೆ. ತಗೊಳ್ಳೋ ಮುಂಚೆ ಅಂಗಡಿಯಲ್ಲೇ ಡಿಸ್ಕ್ ಹಾಕಿಸಿ ಹತ್ತು ನಿಮಿಷ ಓಡಿಸಿ ನೋಡಿ. ಮಧ್ಯೆ ನಿಂತು ನಿಂತು ಓದ್ತಿದ್ದರೆ ಲೆನ್ಸ್ ಸೋತಿದೆ ಅಂತ ಅರ್ಥ, ಬೇಡ. ಭಾರತದಲ್ಲಿ ಮಾರಿದ್ದು ಪಾಲ್ (PAL, ನಮ್ಮ ಕಡೆಯ ಟಿವಿ ಪದ್ಧತಿ) ಮಾದರಿಯ ಯಂತ್ರ. ಅಮೆರಿಕದ ಡಿಸ್ಕ್ ಅದರಲ್ಲಿ ಓಡೋದಿಲ್ಲ, ಪೆಟ್ಟಿಗೆ ಮೇಲೆ ಪಾಲ್ ಅಂತ ಇದೆಯಾ ನೋಡಿ. ನಿಮ್ಮ ಟಿವಿಯ ಹಿಂದೆ ಹಳದಿ, ಬಿಳಿ, ಕೆಂಪು ಮೂರು ತೂತು ಇವೆಯಾ ಅಂತಾನೂ ನೋಡ್ಕೊಳ್ಳಿ. ಹೊಸ ಟಿವಿಗಳಲ್ಲಿ ಎಷ್ಟೋ ಸಲ ಇರಲ್ಲ. ಡಿಸ್ಕ್ ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ.

ಇನ್ನೊಂದು. ಈ ಆಟಕ್ಕೆ ಅಮೆರಿಕದಲ್ಲಿ ಹದಿಮೂರು ದಾಟಿದವರಿಗೆ ಅಂತ ಗುರುತು ಕೊಟ್ಟಿದ್ದಾರೆ. ಮಗನಿಗೆ ಒಂಬತ್ತು ಅಂದ್ರಿ. ಅವನ ಪಕ್ಕದಲ್ಲಿ ನೀವೂ ಕೂತು ಆಡಿ. ಹೊಡೆದಾಟದ ಭಾಗ ನೀವು ಮಾಡಿ, ಹಾರೋದು ಅವನು ಮಾಡಲಿ. ಬೇಡ, ಮೊದಲ ದಿನ ಹಾರೋದೂ ನೀವೇ ಮಾಡಿ. ಇಷ್ಟು ವರ್ಷ ಕಾದಿದೀರಿ.

ಪ್ರಶ್ನೆ: ಸರ್, ನಾನು ಹುಮನಾಬಾದಿನವನು, ಡಿಗ್ರಿ ಓದ್ತಿದೀನಿ. ಇದೇ ಆಟದಲ್ಲಿ ಪಿಜ್ಜಾ ಮುಟ್ಟಿಸೋ ಕೆಲಸ ನನಗೆ ಆಗ್ತಾನೇ ಇಲ್ಲ. ಟೈಮ್ ಮುಗಿದೇ ಹೋಗುತ್ತೆ. ಆಗ ಬರೋ ಆ ಸಂಗೀತ ಕೇಳಿದರೆ ತಲೆ ಕೆಡುತ್ತೆ.

ಉತ್ತರ: ತಮ್ಮಾ, ಬೀದಿ ಹಿಡಿದು ಹೋಗಬೇಡ. ತಿರುವಿಗೊಂದು ತಿರುವು ಬರುತ್ತೆ, ಪ್ರತಿ ತಿರುವಿಗೂ ಎರಡೆರಡು ಸೆಕೆಂಡ್ ಹೋಗುತ್ತೆ. ಹೊರಡುವಾಗಲೇ ಎಕ್ಸ್ ಒತ್ತಿ ಹಿಡಿದು ದೊಡ್ಡ ಜಿಗಿತ ತಗೊಂಡು ಮೇಲೆ ಹೋಗು, ಮನೆ ಇರೋ ದಿಕ್ಕಿಗೆ ಮಾಳಿಗೆಗಳ ಮೇಲಿಂದ ನೇರ ಹೋಗು. ಬಲಕ್ಕೆ ತಿರುಗಬೇಕಾದರೆ ಬಲಗಡೆ ಕಟ್ಟಡಕ್ಕೇ ಎಳೆ ಎಸೆ, ಆಗ ಜೋಲಿಯೇ ನಿನ್ನನ್ನು ತಿರುಗಿಸಿಕೊಂಡು ಹೋಗುತ್ತೆ. ಎಡಗಡೆ ಎಸೆದು ಬಲಕ್ಕೆ ಎಳೆದರೆ ಗೋಡೆಗೆ ಬಡಿಯೋದು ಖಂಡಿತ.

ಆ ಸಂಗೀತ ಇಟಲಿಯ ನೇಪಲ್ಸ್ ಊರಿನ ಹಳೆ ಹಾಡಿನದು. ವೆಸುವಿಯಸ್ ಬೆಟ್ಟಕ್ಕೆ ಹಗ್ಗದಿಂದ ಎಳೆಯೋ ರೈಲು ಬಂದ ಖುಷಿಗೆ 1880ರಲ್ಲಿ ಕಟ್ಟಿದ್ದು. ನನಗಂತೂ ಆ ಧಾಟಿ ಎಲ್ಲೇ ಕೇಳಿದರೂ ನಮ್ಮ ಅಂಗಡಿಯ ಕೂಲರ್ ಸದ್ದು, ಒದ್ದೆ ಖಸ್‌ ವಾಸನೆ ನೆನಪಾಗುತ್ತೆ. ಒಮ್ಮೆ ಟೈಮಿಗೆ ಮುಟ್ಟಿಸಿ ನೋಡು, ಆಮೇಲೆ ನಿನಗೂ ಹಿಡಿಸುತ್ತೆ.

ಪ್ರಶ್ನೆ: ಶಹಾಪುರದಲ್ಲಿ ಬೇಸಿಗೆಗೆ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಾಗಲ್ಲ. ಸೇವ್ ಆಗ್ತಿರುವಾಗಲೇ ಹೋಗಿ ನನ್ನ ಇಪ್ಪತ್ತು ದಿನದ ಆಟ ಹಾಳಾಯ್ತು. ಏನಾದರೂ ದಾರಿ ಇದೆಯಾ ಸರ್?

ಉತ್ತರ: ಹೋಗಿದ್ದು ವಾಪಸ್ ಬರೋದು ಕಷ್ಟ. ನನಗೂ ಆಗಿದೆ, ಆ ದಿನ ಊಟ ಸೇರಿರಲಿಲ್ಲ. ಇನ್ನು ಮುಂದೆ ಹೀಗೆ ಮಾಡಿ. ಪ್ಲೇಸ್ಟೇಷನ್ 2ಕ್ಕೆ ಮೆಮೊರಿ ಕಾರ್ಡ್ ಹಾಕೋಕೆ ಎರಡು ಜಾಗ ಇವೆ. 8 ಎಂಬಿಯ ಇನ್ನೊಂದು ಕಾರ್ಡ್ ತಗೊಳ್ಳಿ. ದಿನದ ಆಟ ಮುಗಿದ ಮೇಲೆ ಡಿಸ್ಕ್ ತೆಗೆದು ಯಂತ್ರ ಆನ್ ಮಾಡಿ. ಪರದೆಯಲ್ಲಿ ಬರೋ ಯಂತ್ರದ ಮೆನುವಿನಲ್ಲಿ ಬ್ರೌಸರ್‌ಗೆ ಹೋಗಿ ಮೊದಲ ಕಾರ್ಡಿನಿಂದ ಎರಡನೆಯದಕ್ಕೆ ಕಾಪಿ ಮಾಡಿ. ಆಮೇಲೆ ಎರಡನೆಯದನ್ನು ಯಂತ್ರದಿಂದ ಬಿಚ್ಚಿ ಡಬ್ಬಿಯಲ್ಲಿಡಿ. ಮನೆಯಲ್ಲಿ ಕಂಪ್ಯೂಟರಿನ ಯುಪಿಎಸ್ ಇದ್ದರೆ ಯಂತ್ರದ ವೈರನ್ನು ಅದಕ್ಕೆ ಹಾಕಿ. ಕರೆಂಟ್ ಹೋದ ಮೇಲೂ ಸೇವ್ ಮುಗಿಯುವಷ್ಟು ಹೊತ್ತು ಅದು ತಡೆಯುತ್ತೆ.