ಎಂಬಿಬಿಎಸ್ ಓದಲು ಗುಂಪಾಗಿ ಬಿಷ್ಕೆಕ್‌ಗೆ ಹೋಗುವ ಮಕ್ಕಳ ಪ್ರಯಾಣ, ಮೊದಲ ರಾತ್ರಿ ಹೇಗಿರುತ್ತದೆ?

ಮಗಳು ಹದಿನಾಲ್ಕು ಮಕ್ಕಳ ಗುಂಪಿನಲ್ಲಿ ಕಿರ್ಗಿಸ್ತಾನಕ್ಕೆ ಹೊರಟಿದ್ದಾಳೆ, ಅಷ್ಟು ದೂರ ಹೇಗೆ ಹೋಗ್ತಾಳೋ ಅಂತ ನಿದ್ದೆ ಬರ್ತಿಲ್ಲ ಎಂದು ಕೇಳಿದ್ದೀರಿ. 2018ರ ಅಕ್ಟೋಬರ್‌ನಲ್ಲಿ ನಾನೂ ಹೀಗೇ ಹೋದವಳು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು ಹನ್ನೊಂದು ಜನ ಇದ್ದೆವು.

ಮೊದಲು ಒಂದು ಮಾತು. ನಮಗೆ ದೂರ ಅನಿಸಿದ್ದು ದೆಹಲಿ, ಬಿಷ್ಕೆಕ್ ಅಲ್ಲ! ದುಡ್ಡು ಉಳಿಸೋಣ ಅಂತ ಕಲಬುರಗಿಯಲ್ಲಿ ಬೆಳಿಗ್ಗೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ಸೊಲ್ಲಾಪುರ, ಭುಸಾವಳ, ಭೋಪಾಲ, ಝಾನ್ಸಿ ಎಲ್ಲ ದಾಟಿ ನವದೆಹಲಿಯಲ್ಲಿ ಇಳಿದದ್ದು ಮಾರನೇ ದಿನ. ಒಂದು ದಿನಕ್ಕೂ ಜಾಸ್ತಿ ಆಯಿತು. ಅಲ್ಲಿಂದ ಬಿಷ್ಕೆಕ್‌ಗೆ ನೇರ ವಿಮಾನದಲ್ಲಿ ಮೂರು, ಮೂರೂವರೆ ಗಂಟೆ ಅಷ್ಟೇ. ಊಟದ ತಟ್ಟೆ ವಾಪಸ್ ತಗೊಂಡು ಹೋಗುವಷ್ಟರಲ್ಲಿ ಬೆಲ್ಟ್ ಹಾಕಿಕೊಳ್ಳಿ ಅಂದರು.

ನಿಜವಾದ ಕಿರಿಕಿರಿ ದೆಹಲಿ ವಿಮಾನ ನಿಲ್ದಾಣದಲ್ಲೇ. ಹೊರಡುವಾಗ ಅಜ್ಜಿ ಉಡಿ ತುಂಬಿದ ಹಾಗೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು ಎಲ್ಲ ಒಂದು ಹೊಸ ಖಣದಲ್ಲಿ ಕಟ್ಟಿ ಸೂಟ್‌ಕೇಸಿನ ತಳಕ್ಕೆ ಇಟ್ಟಿದ್ದಳು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತಬಹುದು ಅಂತ ಅದನ್ನು ವಿಮಾನದಲ್ಲಿ ಬಿಡುವುದಿಲ್ಲ. ನನಗೇನು ಗೊತ್ತು? ಕರೆದು ಬೀಗ ತೆಗೆಸಿದರು. ಎಲ್ಲರ ಮುಂದೆ ಬಟ್ಟೆಬರೆ ಎಲ್ಲ ಹೊರಗೆ. ಉತ್ತತ್ತಿ ವಾಪಸ್ ಕೊಟ್ಟರು, ಕೊಬ್ಬರಿ ಹೋಯಿತು. ಅಜ್ಜಿಗೆ ಇದನ್ನು ಇವತ್ತಿಗೂ ಹೇಳಿಲ್ಲ. ನಿಮ್ಮನೆಯಲ್ಲೂ ಯಾರಾದರೂ ಪ್ರೀತಿಯಿಂದ ಇಟ್ಟಿರುತ್ತಾರೆ, ಈಗಲೇ ನೋಡಿಬಿಡಿ.

ಇನ್ನೊಂದು ತಮಾಷೆ. ಸೂಟ್‌ಕೇಸಿಗೆ ಅಂಟಿಸಿದ ಚೀಟಿ ಮೇಲೆ ಎಫ್‌ಆರ್‌ಯು ಅಂತಿತ್ತು. ಬಿಷ್ಕೆಕ್‌ನಲ್ಲಿ ಆ ಅಕ್ಷರಗಳು ಎಲ್ಲಿವೆ? ನಮ್ಮ ಲಗೇಜ್ ಬೇರೆ ದೇಶಕ್ಕೆ ಹೋಗ್ತಿದೆ ಅಂತ ನಮ್ಮಲ್ಲೊಬ್ಬ ಕೌಂಟರ್‌ನಲ್ಲಿ ಜಗಳಕ್ಕೇ ನಿಂತ. ಆಮೇಲೆ ತಿಳಿಯಿತು, ಸೋವಿಯತ್ ಕಾಲದಲ್ಲಿ ಆ ಊರಿನ ಹೆಸರು ಫ್ರುಂಜೆ. ಅಲ್ಲೇ ಹುಟ್ಟಿದ ಕೆಂಪು ಸೇನೆಯ ನಾಯಕನ ಹೆಸರು ಅದು. 1991ರಲ್ಲಿ ಊರು ಬಿಷ್ಕೆಕ್ ಆಯಿತು, ನಾವು ಹೋದಾಗಲೂ ಚೀಟಿ ಮೇಲೆ ಮಾತ್ರ ಹಳೇ ಹೆಸರೇ ಇತ್ತು.

ಮಾನಸ್ ವಿಮಾನ ನಿಲ್ದಾಣದಲ್ಲಿ ಕಾಲೇಜಿನ ಕಡೆಯವರು ಬರುವ ತನಕ ಕೂರಿಸಿದರು. ಪಾಸ್‌ಪೋರ್ಟ್, ಕಾಲೇಜಿನ ಆಹ್ವಾನ ಪತ್ರ, ನಾಲ್ಕು ಫೋಟೋ ಕೈಚೀಲದಲ್ಲೇ ಇರಲಿ.

ಹಾಸ್ಟೆಲ್ ಮುಟ್ಟಿದಾಗ ನಡುರಾತ್ರಿ ದಾಟಿತ್ತು. ಎಲ್ಲ ರೆಡಿ ಇದೆ ಅಂತ ಏಜೆಂಟ್ ಹೇಳಿದ್ದ. ಕೋಣೆಯಲ್ಲಿ ಇದ್ದದ್ದು ನಾಲ್ಕು ಕಬ್ಬಿಣದ ಮಂಚ, ಸುತ್ತಿಟ್ಟ ಹಾಸಿಗೆ, ಕಿಟಕಿ ಕೆಳಗೆ ತಣ್ಣಗಿನ ಒಂದು ಹೀಟರ್. ಅದರ ಸ್ವಿಚ್ಚಿಗಾಗಿ ಗೋಡೆಯೆಲ್ಲ ತಡಕಾಡಿದೆವು. ಸ್ವಿಚ್ಚೇ ಇಲ್ಲ! ಅಲ್ಲಿ ದೊಡ್ಡ ಕಟ್ಟಡಗಳಿಗೆ ಊರಿನ ಸ್ಥಾವರದಿಂದಲೇ ಪೈಪಿನಲ್ಲಿ ಬಿಸಿನೀರು ಬರುತ್ತದೆ. ಚಳಿ ಶುರುವಾಯಿತು ಅಂತ ಅವರು ಬಿಟ್ಟಾಗಲೇ ಕೋಣೆ ಬೆಚ್ಚಗಾಗುವುದು. ಆ ದಿನಕ್ಕೆ ಇನ್ನೂ ಬಿಟ್ಟಿರಲಿಲ್ಲ. ಸ್ವೆಟರ್, ಅದರ ಮೇಲೆ ಇನ್ನೊಂದು ಸ್ವೆಟರ್, ಎರಡು ಜೊತೆ ಸಾಕ್ಸ್ ಹಾಕಿಕೊಂಡು ಒಂದು ಮಂಚಕ್ಕೆ ಇಬ್ಬಿಬ್ಬರು ಮಲಗಿದೆವು. ಬೆಚ್ಚನೆ ಬಟ್ಟೆ ದಯವಿಟ್ಟು ದೊಡ್ಡ ಸೂಟ್‌ಕೇಸಿನ ಅಡಿಯಲ್ಲಿ ಇಡಬೇಡಿ.

ಹಸಿವು ಬೇರೆ. ಅನ್ನ ಮಾಡೋಣ ಅಂತ ಕುಕ್ಕರ್ ತೆಗೆದರೆ ಅದರ ಮೂರು ಪಿನ್ನಿನ ಪ್ಲಗ್ ಅಲ್ಲಿನ ಎರಡು ತೂತಿನ ಸಾಕೆಟ್‌ಗೆ ಹೋಗುವುದೇ ಇಲ್ಲ. ಮೊಬೈಲ್ ಚಾರ್ಜರ್‌ನ ಎರಡು ಪಿನ್ ಹೋಗುತ್ತೆ, ಚಿಂತೆ ಇಲ್ಲ. ಆದರೆ ಕುಕ್ಕರ್, ಕೆಟಲ್‌ಗೆ ಗಟ್ಟಿಯಾದ ಒಂದು ಅಡಾಪ್ಟರ್ ಊರಲ್ಲೇ ತಗೊಳ್ಳಿ. ಕೊನೆಗೆ ಕಟಕ್ ರೊಟ್ಟಿಯೇ ಗತಿ. ದಾರಿಯಲ್ಲಿ ಎಲ್ಲ ಪುಡಿಯಾಗಿತ್ತು. ಆ ಪುಡಿಗೆ ಶೇಂಗಾ ಹಿಂಡಿ ಕಲಸಿ ತಿನ್ನುತ್ತಾ ಕೂತಿದ್ದೆವು. ಆಗ ಬಾಗಿಲು ತಟ್ಟಿದ ಸದ್ದು. "ಯಾವೂರವ್ರಿ ನೀವು?" ರಾಯಚೂರಿನ ಸೀನಿಯರ್ ಅಕ್ಕ! ಒಂದು ಕೈಯಲ್ಲಿ ಚಹಾದ ಕೆಟಲ್, ಇನ್ನೊಂದರಲ್ಲಿ ನಡುವೆ ಹೂವಿನ ಅಚ್ಚು ಒತ್ತಿದ ದುಂಡನೆ ರೊಟ್ಟಿ. ಇದಕ್ಕೆ ಇಲ್ಲಿ ಏನಂತಾರೆ ಅಂದೆ. "ನಾನ್" ಅಂದಳು. ಚಹಾಕ್ಕೆ ಚಾಯ್, ಈರುಳ್ಳಿಗೆ ಪಿಯಾಜ್, ಸಕ್ಕರೆಗೆ ಶೆಕೆರ್. ಅಷ್ಟು ಗೊತ್ತಾದ ಮೇಲೆ ಅರ್ಧ ಭಯ ಇಳಿಯಿತು ನೋಡಿ.

ಅಳು? ಬಂತು. ನಾಲ್ಕೂ ಜನಕ್ಕೆ. ಅದೂ ಮನೆಗೆ ಫೋನ್ ಮಾಡಿ "ಎಲ್ಲ ಚೆನ್ನಾಗಿದೆ" ಅಂತ ಹೇಳಿ ಇಟ್ಟ ಮೇಲೆ. ಮೊದಲ ರಾತ್ರಿ ಮಗಳ ದನಿ ಸ್ವಲ್ಪ ಜಾಸ್ತಿಯೇ ಖುಷಿಯಾಗಿ ಕೇಳಿದರೆ ಕೆದಕಬೇಡಿ. ಊಟ ಆಯ್ತಾ ಅಂತ ಕೇಳಿ ಸಾಕು. ಅಲ್ಲಿನ ಗಡಿಯಾರ ನಮಗಿಂತ ಅರ್ಧ ಗಂಟೆ ಮಾತ್ರ ಮುಂದೆ. ನೀವು ಹತ್ತಕ್ಕೆ ಮಾಡಿದರೆ ಅವಳಿಗೆ ಹತ್ತೂವರೆ, ಇನ್ನೂ ಎದ್ದೇ ಇರುತ್ತಾಳೆ.