ಹತ್ತು ತುಂಬುವ ಮಗಳು, ಹದಿನಾರರ ಮಗ: ಯಾವ ವಿಭಾಗ?

ಪ್ರಶ್ನೆ: ನಾಲ್ಕನೇ ತರಗತಿಯಲ್ಲಿರುವ ಮಗಳಿಗೆ ಮುಂದಿನ ತಿಂಗಳು ಹತ್ತು ವರ್ಷ ತುಂಬುತ್ತದೆ. ಪ್ರಥಮ ಪಿಯುಸಿ ಓದುತ್ತಿರುವ ಮಗನಿಗೆ ಹದಿನಾರು. ಇಬ್ಬರಿಗೂ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸೇರುವ ಆಸೆ. ಮಗಳನ್ನು ಈಗಲೇ ಬುಲ್‌ಬುಲ್‌ಗೆ ಸೇರಿಸಬೇಕೆ? ಮಗನಿಗೆ ಕಾಲ ಮೀರಿತೆ? ಅವನ ಕಾಲೇಜಿನಲ್ಲಿ ಘಟಕವೇ ಇಲ್ಲ.
– ಒಬ್ಬ ತಾಯಿ, ತುಮಕೂರು

ಉತ್ತರ: ಇಲ್ಲಿ ಲೆಕ್ಕಕ್ಕೆ ಬರುವುದು ತುಂಬಿದ ವಯಸ್ಸೇ ಹೊರತು ತರಗತಿಯಲ್ಲ. ಹತ್ತು ತುಂಬುವವರೆಗೆ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್; ಹತ್ತರಿಂದ ಹದಿನೇಳರವರೆಗೆ ಸ್ಕೌಟ್ ಮತ್ತು ಗೈಡ್; ಹದಿನೈದರಿಂದ ಇಪ್ಪತ್ತೈದರವರೆಗೆ ರೋವರ್ ಮತ್ತು ರೇಂಜರ್. ತೀರ ಚಿಕ್ಕವರಿಗೆ ಬನ್ನಿ ಎಂಬ ವಿಭಾಗವಿದೆ. ಒಂದು ತಿಂಗಳ ಮಟ್ಟಿಗೆ ಮಗಳನ್ನು ಬುಲ್‌ಬುಲ್‌ಗೆ ಸೇರಿಸುವುದರಲ್ಲಿ ಅರ್ಥವಿಲ್ಲ; ಹುಟ್ಟುಹಬ್ಬ ಕಳೆದ ಮೇಲೆ ನೇರವಾಗಿ ಗೈಡ್ ದಳಕ್ಕೇ ಕಳುಹಿಸಿ. ಹೆಸರು ಬರೆಸಿದ ದಿನವೇ ಆಕೆ ಗೈಡ್ ಆಗಿಬಿಡುವುದಿಲ್ಲ. ಪ್ರತಿಜ್ಞೆ, ನಿಯಮ, ಎಡಗೈ ಕುಲುಕುವ ರೀತಿ, ಒಂದೆರಡು ಹಗ್ಗದ ಗಂಟು ಇವನ್ನೆಲ್ಲ ಕಲಿತು, ಪ್ರವೇಶ ಹಂತ ಮುಗಿಸಿ, ದಳದೆದುರು ಪ್ರತಿಜ್ಞೆ ಸ್ವೀಕರಿಸಿದ ಮೇಲಷ್ಟೇ ಸದಸ್ಯತ್ವದ ಬ್ಯಾಡ್ಜ್ ದೊರೆಯುತ್ತದೆ.

ಮಗನ ವಿಷಯದಲ್ಲಿ ತುಸು ಯೋಚಿಸಬೇಕು. ಹದಿನೈದರಿಂದ ಹದಿನೇಳರ ನಡುವಿನ ವಯಸ್ಸಿಗೆ ಸ್ಕೌಟ್, ರೋವರ್ ಎರಡೂ ಬಾಗಿಲು ತೆರೆದಿವೆ. ಆದರೆ ಸ್ಕೌಟ್ ವಿಭಾಗದಲ್ಲಿ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಒಂದೊಂದಾಗಿ ಏರಿದ ಮೇಲೆಯೇ ರಾಜ್ಯ ಪುರಸ್ಕಾರ, ಆನಂತರ ರಾಷ್ಟ್ರಪತಿ ಪುರಸ್ಕಾರ. ಪ್ರತಿ ಹಂತದಲ್ಲೂ ಇಂತಿಷ್ಟು ಕಾಲ ದುಡಿದಿರಬೇಕಾದ್ದರಿಂದ ಹದಿನಾರರಲ್ಲಿ ಆರಂಭಿಸಿದವನಿಗೆ ಎರಡನೇ ಸೋಪಾನದಾಚೆ ಹೋಗುವುದೇ ಕಷ್ಟ. ಪ್ರಮಾಣಪತ್ರದ ಅಂಕಗಳಿಗಾಗಿ ಕೊನೆಗಳಿಗೆಯಲ್ಲಿ ಮಕ್ಕಳನ್ನು ಸ್ಕೌಟ್‌ಗೆ ತಳ್ಳುವ ಪೋಷಕರಿಗೆ ಈ ಮಾತು ರುಚಿಸದಿರಬಹುದು. ನಿಮ್ಮ ಮಗ ರೋವರ್ ಆಗುವುದೇ ಮೇಲು. ಅಲ್ಲಿ ಪ್ರವೀಣ, ನಿಪುಣ ಹಂತಗಳಿಗೆ ಸಾವಕಾಶವಿದೆ. ಶಿಬಿರ, ಚಾರಣಗಳ ಜೊತೆಗೆ ಸೇವೆಗೆ ಹೆಚ್ಚಿನ ಒತ್ತು. ಕಾಲೇಜಿನಲ್ಲಿ ಘಟಕವಿಲ್ಲದಿದ್ದರೆ ಶಾಲಾ ಕಾಲೇಜುಗಳಿಗೆ ಅಂಟಿಕೊಳ್ಳದ ಮುಕ್ತ ಘಟಕಗಳಿವೆ. ಜಿಲ್ಲಾ ಸಂಸ್ಥೆಯ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ನಾವು ದೇವರನ್ನು ನಂಬುವವರಲ್ಲ. ಪ್ರತಿಜ್ಞೆಯಲ್ಲಿ ದೇವರ ಹೆಸರಿರುವುದರಿಂದ ಮಗನನ್ನು ಸೇರಿಸಲು ಹಿಂಜರಿಕೆ.
– ಒಬ್ಬ ತಂದೆ, ಹಾಸನ

ಉತ್ತರ: ‘ದೇವರು’ ಎನ್ನುವ ಕಡೆ ‘ಧರ್ಮ’ ಎಂದು ಹೇಳಲು ನಿಯಮದಲ್ಲಿಯೇ ಅವಕಾಶವಿದೆ. ಮೊದಲ ದಿನವೇ ಸ್ಕೌಟ್ ಮಾಸ್ಟರರ ಕಿವಿಗೆ ಹಾಕಿದರೆ, ಪ್ರತಿಜ್ಞೆಯ ಹೊತ್ತಿನಲ್ಲಿ ಹುಡುಗನಿಗೆ ಮುಜುಗರವಾಗುವುದು ತಪ್ಪುತ್ತದೆ. ಜಾತಿ, ಮತ, ಹುಟ್ಟು ಯಾವುದೂ ಸದಸ್ಯತ್ವಕ್ಕೆ ಅಡ್ಡಿಯಲ್ಲ. ಮೊದಲಿನಿಂದ ಹೀಗಿರಲಿಲ್ಲ ಎಂಬುದೂ ನಿಜ: 1909ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ದಳ ಹುಟ್ಟಿದಾಗ ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ಪ್ರವೇಶವಿತ್ತು. ಭಾರತೀಯ ಮಕ್ಕಳಿಗಾಗಿ ಆನಿ ಬೆಸೆಂಟ್, ಮದನ ಮೋಹನ ಮಾಳವೀಯ ಮೊದಲಾದವರು ಪ್ರತ್ಯೇಕ ಸಂಘಟನೆಗಳನ್ನೇ ಕಟ್ಟಬೇಕಾಯಿತು. ಇಂತಹ ಬೇರೆ ಬೇರೆ ಸಂಘಗಳು ಒಂದಾಗಿ ಈಗಿನ ಸಂಸ್ಥೆ ರೂಪುಗೊಂಡದ್ದು 1950ರ ನವೆಂಬರ್ 7ರಂದು. ಗೈಡ್ ವಿಭಾಗ ಮರುವರ್ಷ ಬಂದು ಕೂಡಿಕೊಂಡಿತು.