ಚಿತ್ರಸಂತೆಗೆ ಹುಲಿ ಬೇಡ, ಕಾಡುಪಾಪ ಬರೀರಿ

ನಮಸ್ಕಾರ ಮೇಡಂ. ಬೆಂಗಳೂರಲ್ಲಿ ರಸ್ತೆ ಬದೀಲಿ ಚಿತ್ರ ಇಟ್ಟು ಮಾರೋ ಜನವರಿ ಚಿತ್ರಸಂತೆಗೆ ಅಳಿವಿನಂಚಿನ ಪ್ರಾಣಿಗಳ ವಾಟರ್‌ಕಲರ್ ಸೀರೀಸ್ ಮಾಡ್ತಿದೀನಿ, ಹುಲಿ ಆನೆ ಚಿರತೆ ಅಂತ ಲಿಸ್ಟ್ ಹಾಕಿದೀನಿ, ಇದ್ರಿಂದ ಜನಕ್ಕೆ ನಿಜವಾಗ್ಲೂ ಏನಾದ್ರೂ ತಲುಪುತ್ತಾ ಅಂತ ಕೇಳಿದೀರಿ. ತಲುಪುತ್ತೆ, ಆದ್ರೆ ನಾನು ಕಂಡಂಗೆ ಹುಲಿಯಿಂದ ಅಲ್ಲ.

ಮೊದಲ ವರ್ಷ ಕುಮಾರಕೃಪಾ ರೋಡಲ್ಲಿ ನಾನೂ ನಾಲ್ಕು ಹುಲಿ ಇಟ್ಕೊಂಡು ಕೂತಿದ್ದೆ. ಬಂದೋರು ಸೂಪರ್ ಅನ್ನೋರು, ಫೋಟೋ ತಗೊಳ್ಳೋರು, ಮುಂದಕ್ಕೆ ಹೋಗೋರು. ಹುಲಿ ಎಲ್ರಿಗೂ ಗೊತ್ತು, ಕೇಳೋಕೆ ಏನೂ ಇರಲ್ಲ. ಮರುವರ್ಷ ಎ4 ಸೈಜಿನ ಒಂದು ಕಾಡುಪಾಪ (ಸ್ಲೆಂಡರ್ ಲೋರಿಸ್, ರಾತ್ರಿ ಮರದ ಮೇಲೆ ಓಡಾಡೋ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ) ಇಟ್ಟೆ ನೋಡಿ, ಇದೇನು ಕೋತಿ ಮರಿನಾ, ಫಾರಿನ್ ಪ್ರಾಣಿನಾ ಅಂತ ನಿಂತು ಕೇಳೋಕೆ ಶುರು ಮಾಡಿದ್ರು. ತುಮಕೂರು ಕಡೆ ಒಬ್ರು ಅಜ್ಜಿ, ಮೊಮ್ಮಗನ ಕೈ ಹಿಡ್ಕೊಂಡು ಬಂದವರು, ಬಗ್ಗಿ ಹತ್ರದಿಂದ ನೋಡಿ "ಅಯ್ಯೋ ಇದು ನಮ್ಮ ಹೊಲದ ಬೇಲಿ ಸಾಲಲ್ಲೇ ಇರ್ತಿತ್ತು ಕಣಪ್ಪ, ರಾತ್ರಿ ಕಣ್ಣು ಕೆಂಡದಂಗೆ ಹೊಳೆಯೋದು, ಬೇಲಿ ಕಿತ್ತು ಕಲ್ಲುಕಂಬ ನೆಟ್ಟು ತಂತಿ ಎಳೆಸಿದ್ಮೇಲೆ ಒಂದೂ ಕಂಡಿಲ್ಲ" ಅಂದ್ರು. ಸುತ್ತ ನಿಂತಿದ್ದ ಹತ್ತು ಜನಕ್ಕೆ ನಾನು ಏನು ಹೇಳ್ಬೇಕು ಅಂತಿದ್ನೋ ಅದನ್ನ ಅವ್ರೇ ಹೇಳ್ಬಿಟ್ರು. ಹಂಗಾಗಿ ನಮ್ಮ ಸುತ್ತಮುತ್ತಲೇ ಇರೋ ಪ್ರಾಣಿ ತಗೊಳ್ಳಿ. ಕಾಡುಪಾಪ ಬೆಂಗಳೂರಲ್ಲೇ, ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಕ್ಯಾಂಪಸ್ಸಿನ ಮರಗಳಲ್ಲೇ ಇದೆ, ಊರಲ್ಲಿ ಮುಕ್ಕಾಲು ಜನಕ್ಕೆ ಗೊತ್ತೇ ಇಲ್ಲ.

ಬರೆಯೋವಾಗ ಕೈ ಮೇಲೆ ತುಂಬ ಗಮನ ಇರ್ಲಿ. ನಾನು ಮೊದಲನೇ ಚಿತ್ರದಲ್ಲಿ ಐದೂ ಬೆರಳು ಸಮ ಹಾಕಿದ್ದೆ, ರಾತ್ರಿ ಕಾಡುಪಾಪದ ಸರ್ವೆಗೆ ಹೋಗೋ ಹುಡುಗ ಒಬ್ಬ ಬಂದು ತೋರಿಸಿಕೊಟ್ಟ, ಅದರ ತೋರುಬೆರಳು ಬಹಳ ಚಿಕ್ಕದು, ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಹೋಗಿ ಕೊಂಬೆನ ಇಕ್ಕಳದ ಥರ ಹಿಡಿಯುತ್ತೆ. ಬಾಲ ಇಲ್ಲ. ಮಂಗನ ಥರ ಕೊಂಬೆಯಿಂದ ಕೊಂಬೆಗೆ ಹಾರಲ್ಲ, ಕೈ ಇಟ್ಟು ಕಾಲು ಇಟ್ಟು ನಿಧಾನಕ್ಕೆ ನಡ್ಕೊಂಡೇ ಹೋಗ್ಬೇಕು. ಇದು ಗೊತ್ತಾದ್ರೆ ಚಿತ್ರ ಹೆಂಗಿರ್ಬೇಕು ಅಂತ ತಾನೇ ಗೊತ್ತಾಗುತ್ತೆ, ಯಾಕಂದ್ರೆ ಒಂದು ಮರ ಕಡಿದ್ರೆ ಸಾಕು ಅದರ ದಾರಿ ಅಲ್ಲಿಗೇ ನಿಂತೋಯ್ತು, ಆಮೇಲೆ ನೆಲಕ್ಕಿಳಿದು ನಾಯಿ ಬಾಯಿಗೆ ಸಿಗುತ್ತೆ, ಇಲ್ಲಾಂದ್ರೆ ಕರೆಂಟ್ ತಂತಿ ಹಿಡಿಯುತ್ತೆ. ಸುಮ್ನೆ ದೊಡ್ಡ ಕಣ್ಣು ಬರೆದು ಅಯ್ಯೋ ಪಾಪ ಅನ್ಸೋ ಬದ್ಲು, ಪೇಪರಿನ ಒಂದು ತುದೀಲಿ ಆ ಕಡಿದ ಕೊಂಬೆ ಬರೀರಿ, ಕೈ ಚಾಚಿದೆ, ಮುಂದೆ ಖಾಲಿ. ಕಾರಣ ಚಿತ್ರದೊಳಗೇ ಇರ್ಬೇಕು ಮೇಡಂ.

ಪೇಪರ್ 300 ಜಿಎಸ್‌ಎಂ ದಪ್ಪದ ಕಾಟನ್ ತಗೊಳ್ಳಿ, ರಾತ್ರಿ ಹಿನ್ನೆಲೆಗೆ ನಾಲ್ಕೈದು ವಾಶ್ (ನೀರು ಬಣ್ಣದ ಪದರ) ಬೇಕಾಗುತ್ತೆ, ತೆಳು ಪೇಪರ್ ತಡ್ಕೊಳಲ್ಲ. ಟ್ಯೂಬಿನ ಕಪ್ಪು ಬೇಡ, ಸತ್ತಂಗೆ ಕಾಣುತ್ತೆ, ಅಲ್ಟ್ರಾಮರೀನ್ ನೀಲಿ ಜೊತೆ ಬರ್ಂಟ್ ಅಂಬರ್ ಕಂದು ಬೆರೆಸಿ. ಕಣ್ಣಿನ ಹೊಳಪಿಗೆ ಮೊದಲೇ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂಗೆ ಬಿಳಿ ಉಳಿಸೋ ದ್ರವ) ಒಂದು ಚುಕ್ಕೆ ಇಟ್ಬಿಡಿ.

ಗೂಗಲ್‌ನಲ್ಲಿ ಸಿಕ್ಕಿದ ಫೋಟೋ ನೋಡಿ ಹಂಗೇ ಬರೆದು ಮಾರೋದು ಮಾತ್ರ ತಪ್ಪು, ಎಡದ್ದು ಬಲ ಮಾಡಿದ್ರೂ ತಪ್ಪೇ. ಫೋಟೋ ತೆಗೆದವ್ರಿಗೆ ಮೆಸೇಜ್ ಮಾಡಿ ಪರ್ಮಿಷನ್ ಕೇಳಿ, ನನಗೆ ಇದುವರೆಗೂ ಯಾರೂ ಇಲ್ಲ ಅಂದಿಲ್ಲ. ನೀವೇ ನೋಡೋಕೆ ಹೋದ್ರೆ ಗೊತ್ತಿರೋರ ಜೊತೆ ಹೋಗಿ, ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಸುತ್ತಿ, ಫ್ಲಾಶ್ ಹಾಕ್ಬೇಡಿ. ಯಾವ ಮರ, ಯಾವ ಜಾಗ ಅಂತ ಈ ಗ್ರೂಪಲ್ಲೂ ಹಾಕ್ಬೇಡಿ, ದಯವಿಟ್ಟು. ಮಾಟ ಮಂತ್ರಕ್ಕೆ ಅಂತ ಇದನ್ನ ಹಿಡಿಯೋರು ಇನ್ನೂ ಇದಾರೆ.

ಎರಡನೇ ಚಿತ್ರಕ್ಕೆ ರಾಮನಗರದ ರಣಹದ್ದು ಬರೀರಿ. ರಾಮದೇವರ ಬೆಟ್ಟನ 2012ರಲ್ಲಿ ರಣಹದ್ದು ಧಾಮ ಮಾಡಿದ್ರು, ಬೆಂಗಳೂರಿಂದ 50 ಕಿಲೋಮೀಟರ್ ಆಗ್ಬಹುದು ಅಷ್ಟೇ. ಬಂಡೆ ಸಂದೀಲಿ ಗೂಡು ಕಟ್ಟುತ್ತೆ, ಹಿಕ್ಕೆಯಿಂದ ಬಂಡೆ ಮೇಲೆ ಬಿಳಿ ಗೆರೆ ಇಳಿದಿರುತ್ತೆ, ಅದನ್ನೂ ಬರೀರಿ. ದನಕ್ಕೆ ನೋವಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ಔಷಧಿಯಿಂದ, ಆ ದನ ಸತ್ತಾಗ ತಿಂದ ರಣಹದ್ದಿನ ಕಿಡ್ನಿ ಹೋಗಿ ರಾಶಿ ರಾಶಿ ಸತ್ತವು, 2006ರಲ್ಲಿ ಜಾನುವಾರಿಗೆ ಅದನ್ನ ಬ್ಯಾನ್ ಮಾಡಿದ್ರು. ಇಷ್ಟನ್ನ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಚಿತ್ರದ ಕೆಳಗೆ ಅಂಟಿಸಿ, ಅದೇ ಚಿತ್ರನ ಪೋಸ್ಟ್‌ಕಾರ್ಡ್ ಪ್ರಿಂಟ್ ಮಾಡ್ಸಿ ಹಿಂದ್ಗಡೆನೂ ಹಾಕ್ಸಿ. ಒರಿಜಿನಲ್ ಒಬ್ರ ಮನೆಗೆ ಹೋಗುತ್ತೆ, 50 ರೂಪಾಯಿ ಕಾರ್ಡು ನೂರು ಮನೆಗೆ ಹೋಗುತ್ತೆ.

ಇನ್ನೊಂದು, ಎಲ್ಲದಕ್ಕೂ ಅಳಿವಿನಂಚು ಅಂತ ಬರೀಬೇಡಿ. ಯಾವ ಪ್ರಾಣಿ ಎಷ್ಟು ಅಪಾಯದಲ್ಲಿದೆ ಅಂತ ಹೇಳೋ ಐಯುಸಿಎನ್ ಅನ್ನೋ ಜಾಗತಿಕ ಸಂಸ್ಥೆ ಪಟ್ಟೀಲಿ ಈ ರಣಹದ್ದು, ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ) ತೀರಾ ಅಪಾಯದ ಸಾಲಲ್ಲಿವೆ, ಸಿಂಗಳೀಕ, ಸೀಳುನಾಯಿ, ಚಿಪ್ಪುಹಂದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನಮ್ಮ ಕಾಡುಪಾಪ ಇನ್ನೂ ಆ ಹಂತಕ್ಕೆ ಬಂದಿಲ್ಲ, ಹತ್ರ ಹತ್ರ ಇದೆ. ಇದ್ದದ್ದು ಇದ್ದಂಗೆ ಬರೀರಿ, ತಿಳಿದವ್ರು ಬಂದು ಓದ್ತಾರೆ.

ಪೆನ್ಸಿಲ್ ಸ್ಕೆಚ್ ಆದ್ಮೇಲೆ ಇಲ್ಲೇ ಹಾಕಿ ಮೇಡಂ, ಕೈಬೆರಳು ಮಾತ್ರ ಬೇರೆ ಕ್ಲೋಸಪ್ ತೆಗೆದು ಹಾಕಿ, ಬಣ್ಣ ಹಚ್ಚೋಕ್ ಮುಂಚೆ ನೋಡಿ ಹೇಳ್ತೀನಿ.